ನಡುವಿನವನ ಸಾಲು

ಮತ್ತೆ ಆ ಕೀರಲು ಸದ್ದು, ಮೆಷಿನ್ನಿನ ಬಿಟ್ಟು, ಆ ಕೊರೆಯುವ ಮೊನೆ, ತಗಡಿನ ಒಳಗಿಳಿಯುವಾಗ ಹಲ್ಲು ಜುಮ್ಮೆನ್ನುತ್ತದೆ, ಹಿತ್ತಾಳೆಯ ಚೂರುಗಳು ಎಗರಿ ಮೊಣಕೈಗೆ ಚುಚ್ಚುತ್ತವೆ, ಬಾಯಲ್ಲಿ ಊದ್ಬ್ಯಾಡ ಕಣೆ ಕಣ್ಣಿಗ್ ಓಯ್ತದೆ ಬ್ರಷ್ ತಕೊ ಅನ್ನುತ್ತಿದ್ದ ಕಿಶನ್ — ಬ್ರಷ್ಷೇ ಹಿಡಿದಿದ್ದೇನೆ ಪುಣ್ಯಾತ್ಮ, ನೋಡು ಬಂದು. ಮೆಷಿನ್ನು ಅವನದು, ನನ್ನ ಗಂಡನದು, ಅಡುಗೆಮನೆಯ ಗ್ಯಾಸ್ ಒಲೆಗಿಂತ ಒಂಚೂರು ದೊಡ್ಡದು, ಡಬ್ಬದಲ್ಲಿ ಬಿಡಿಬಿಡಿಯಾಗಿ ತರಿಸಿ ಇದೇ ಶೆಡ್ಡಿನಲ್ಲಿ ಕೂತು ಜೋಡಿಸಿದ್ದು, ಕಾರ್ಖಾನೆಯ ಕೆಲಸ ಮುಗಿಸಿ ಬಂದವನು ಮುಖ ತೊಳೆಯುವ ಮೊದಲು ಇದರ ಸ್ವಿಚ್ಚು ಒತ್ತುತ್ತಿದ್ದ, ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವುದನ್ನು ನನಗೂ ಕಲಿಸಿದ, ಪಾಂಡವಪುರದ ಡಾಕ್ಟರ ಬೋರ್ಡು, ನಾಗಮಂಗಲದ ವಕೀಲರ ಬೋರ್ಡು, ಮೇಲುಕೋಟೆಯ ಯಾವುದೋ ಮಠದ್ದು, ಊರವರ ಹೆಸರನ್ನೆಲ್ಲ ಹಿತ್ತಾಳೆಯಲ್ಲಿ ಕೊರೆದು ಕೊಟ್ಟವನು, ಈಗ ಅವನ ಮನೆಯ ಬಾಗಿಲ ಬೋರ್ಡಿನಲ್ಲಿ ಅವನ ಹೆಸರು ಬೇಡವಂತೆ. ಬೇಡ ಅಂದವನು ಮಂಜುನಾಥ, ಭಾವ, ಮನೆಗೆ ಹಿರಿಯ ಮಗ. ಹಳೆಯ ಹೆಂಚಿನ ಮನೆ ಕೆಡವಿ ಮೂವರು ಅಣ್ಣತಮ್ಮಂದಿರು ಸೇರಿ ತಳಪಾಯ ಹಾಕಿದ ಮನೆ ಇದು, ಗಾರೆಯವರ ಹಿಂದೆ ಮಟ್ಟಗೋಲು ಹಿಡಿದು ತಿರುಗಿದವನು ಕಿಶನ್, ತಾರಸಿ ಬೀಳುವ ಮೊದಲೇ ಹೊರಟುಹೋದ, ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವನು ಏಳಲಿಲ್ಲ. ಭಾವ ಅಂದ, ನೋಡವ್ವ ಪವಿತ್ರ, ಸತ್ತೋರ ಎಸ್ರ ಬಾಗ್ಲ ಮ್ಯಾಲೆ ಆಕ್ಬಾರ್ದು, ಸಾಸ್ತ್ರ ಐತೆ, ಗೃಹಪ್ರವೇಸದ ಮನೆ, ಒಳ್ಳೇದಾಗಕಿಲ್ಲ, ಅವ್ವನೂ ಊಂ ಅಂದವ್ಳೆ. ಸತ್ತವರ ಹೆಸರಂತೆ! ಹಾಗಾದರೆ ಮೇಲಿನ ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ಕೂತಿರುವ ಪುಟ್ಟಸ್ವಾಮಾಚಾರ್, ನನ್ನ ಮಾವ, ಅವರೇನು ಬಸ್ಸು ಹತ್ತಿ ಅರಕೆರೆಯ ನೆಂಟರ ಮನೆಗೆ ಹೋಗಿದ್ದಾರಾ? ಕೇಳಿಯೇಬಿಟ್ಟೆ. ಅಪ್ಪ ಇರೀಕ ಕಣವ್ವ, ಇರೀಕರ ಮಾತು ಬ್ಯಾರೆ. ಅಂದರೆ ಮುದುಕನಾಗಿ ಸತ್ತರೆ ಹಿರೀಕ, ತಲೆ ನರೆಯುವ ಮುಂಚೆ ಸತ್ತರೆ ಅಪಶಕುನ. ಮೈದುನ ಲೋಹಿತ್ ಅಲ್ಲೇ ಇದ್ದ, ಕಿಶನ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟ ತಮ್ಮ, ಫೋನಿನಿಂದ ಕಣ್ಣು ಕೀಳದೆ ಹೇಳಿದ, ಅಣ್ಣ ಎಂಗಂತಾನೋ ಅಂಗ್ ಮಾಡಿ ಅತ್ಗೆ.

ಮಾಡುತ್ತಿದ್ದೇನಲ್ಲ, ಅಮಾವಾಸ್ಯೆಯ ದಿನವೇ ಮಾಡುತ್ತಿದ್ದೇನೆ. ನಮ್ಮ ಆಚಾರರ ಮನೆಗಳಲ್ಲಿ ಅಮಾವಾಸ್ಯೆಗೆ ಉಳಿ ಸುತ್ತಿಗೆ ಮುಟ್ಟುವುದಿಲ್ಲ, ಕುಲುಮೆಗೆ ಕಿಡಿ ಸೋಕಿಸುವುದಿಲ್ಲ, ಮಾವ ಬದುಕಿದ್ದಾಗ ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಹೋದ ನನಗೆ ಊರು ಕೇಳುವಂತೆ ಬೈದಿದ್ದರು, ಕೆ.ಆರ್. ಪೇಟೆಯಲ್ಲಿ ನಿಮ್ಮಪ್ಪ ಇದೇನಾ ಕಲ್ಸಿದ್ದು ಅಂತ. ಭಾವನನ್ನು ಕೇಳಿದರೆ, ಅಮಾಸೆ ಕೈಗೆ ಕಣವ್ವ, ಮಿಸನ್ನಿಗೆಂತಾ ಅಮಾಸೆ, ನೀನು ಸುಚ್ಚು ಒತ್ಬುಟ್ಟು ಕುಂತ್ಕೊ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಆಯುಧಪೂಜೆಗೆ ಇಟ್ಟ ಕುಂಕುಮ ಈ ಮೆಷಿನ್ನಿನ ಹಣೆಯಲ್ಲಿ ಇನ್ನೂ ಅಂಟಿಕೊಂಡಿದೆ, ನನ್ನ ಹಣೆಯದನ್ನು ಒರೆಸಿದ್ದು ಅತ್ತೆ ದ್ಯಾವಮ್ಮನ ಬೆರಳು, ಒರಟು ಬೆರಳು, ಒಂದೇ ಸಲಕ್ಕೆ ಒರೆಸಿಬಿಟ್ಟಿತು, ಮಗನ ಹೆಸರು ತೆಗೆಯಲೂ ಹಾಗೆಯೇ ಊಂ ಅಂದಿರಬೇಕು, ಹೆತ್ತ ಹೊಟ್ಟೆ ಅದು ಹೇಗೆ ಊಂ ಅಂದಿತು, ಅಂದಿನಿಂದ ಆ ಮುದುಕಿಯ ಜೊತೆ ನಾನು ಮಾತು ಬಿಟ್ಟಿದ್ದೇನೆ, ಮುದ್ದೆ ಬಡಿಸುತ್ತೇನೆ, ಮುಖ ನೋಡುವುದಿಲ್ಲ. ಮತ್ತೆ ಬಿಟ್ಟು ಇಳಿಯಿತು, ಮಂಜುನಾಥನ ಥ ಕೊರೆಯುತ್ತಿದೆ, ಎಷ್ಟು ಚೆಂದ ಬರುತ್ತಿದೆ ನೋಡು, ಹಾಳಾಗಿ ಹೋಗಲಿ. ನನಗೆ ಹೆಸರಿನ ಹುಚ್ಚೇನೂ ಇಲ್ಲ, ಹೆಸರು ಕಟ್ಟಿಕೊಂಡು ನಾನೇನು ಮಾಡಲಿ, ಆದರೆ ಚಿನ್ನು ಇದ್ದಾಳೆ, ಅವನ ಮಗಳು, ಮೇಲಿನ ರೂಮು ಲೋಹಿತನಿಗಂತೆ, ರಸ್ತೆ ಕಡೆಯದು ಭಾವನಿಗಂತೆ, ನೀನೂ ಮಗೀನೂ ಅವ್ವನ್ ಜತೆಲೇ ಅಡ್ಜಸ್ಟ್ ಮಾಡ್ಕಳಿ ಅಂದ, ಇವತ್ತು ಬಾಗಿಲಿನಿಂದ ಹೋದ ಹೆಸರು ನಾಳೆ ಮನೆಯ ಖಾತೆಯಿಂದ ಹೋಗುತ್ತದೆ, ನಾಡಿದ್ದು ಚಿನ್ನು ದೊಡ್ಡವಳಾಗಿ ನನ್ನಪ್ಪನ ಪಾಲು ಅಂದರೆ ಯಾವ ಅಪ್ಪ ಅನ್ನುತ್ತಾರೆ, ಬೋರ್ಡು ನೋಡವ್ವ ಅನ್ನುತ್ತಾರೆ, ನಿಮ್ಮವ್ವನೇ ಕೊರ್ದಿದ್ದು ಅನ್ನುತ್ತಾರೆ. ನಾನೇ! ಕಂಪ್ಯೂಟರಿನಲ್ಲಿ ಅವನ ಹೆಸರನ್ನು ಅಳಿಸಿದವಳೂ ನಾನೇ, ಒಂದು ಗುಂಡಿ ಒತ್ತಿದೆ, ಹೋಯಿತು. ಲೋಹಿತನನ್ನು ಒಂದು ಸಾಲು ಮೇಲೆ ಎಳೆಯಬೇಕಿತ್ತು, ಎಳೆಯಲಾಗಲಿಲ್ಲ, ಕೈ ಬರಲಿಲ್ಲ, ನಡುವೆ ಬೋಳು ಜಾಗ ಹಾಗೇ ಉಳಿದಿದೆ, ಅಣ್ಣನಿಗೂ ತಮ್ಮನಿಗೂ ನಡುವೆ, ಭಾವ ಕೇಳಿದರೆ ಮೆಷಿನ್ನೇ ಹಾಗೆ ಬಿಟ್ಟಿತು ಅನ್ನುತ್ತೇನೆ, ಮೆಷಿನ್ನಿಗೆ ಅಮಾವಾಸ್ಯೆ ಇಲ್ಲದಿದ್ದರೆ ಬುದ್ಧಿಯೂ ಇಲ್ಲ ಅನ್ನುತ್ತೇನೆ.

ನಿಂತಿತು. ಸದ್ದು ನಿಂತ ಮೇಲೆ ಶೆಡ್ಡಿನಲ್ಲಿ ಕಿವಿ ಗುಂಯ್ ಅನ್ನುತ್ತದೆ, ಆಚೆ ಮೈಸೂರು ರಸ್ತೆಯ ಲಾರಿಗಳು, ಯಾರದೋ ನೆರಳು — ಅತ್ತೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಾಳೆ, ಯಾಕೆ ಬಂದಳು, ಆಯ್ತೇನವ್ವ, ಒಸಿ ಮುಟ್ಲಾ? ಓದಲು ಬಾರದವಳು, ಒಂದಕ್ಷರ ಬಾರದವಳು, ಮುಟ್ಟಿ ಅಂದೆ, ಮುಖ ನೋಡದೆ. ಬೆರಳು ಮೇಲಿನ ಸಾಲಿನಲ್ಲಿ ತಡವುತ್ತದೆ, ಇದು ನಿಮ್ಮಾವಂದು, ದೊಡ್ಡದಾಗ್ ಬಂದೈತೆ. ಕೆಳಗಿಳಿಯುತ್ತದೆ, ಇದು ಮಂಜಂದು. ಹೆತ್ತ ಸಾಲಿನಲ್ಲೇ ಇಳಿಯುತ್ತಿದ್ದಾಳೆ ಮುದುಕಿ, ಇದು ನನ್ ಕಿಸ್ನಂದು ಅನ್ನುತ್ತ ಬೆರಳು ಇನ್ನೊಂದು ಸಾಲು ಕೆಳಗೆ ಬಂತು, ನಿಂತಿತು, ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಕೈಗ್ ಸಿಕ್ತಿಲ್ವಲ್ಲವ್ವ, ನಂದೇ ಬೆರಳು ಜೋಮು ಇಡ್ದೈತೋ ಏನೋ. ಊಂ ಅಂದವ್ಳೆ ಅಂದನಲ್ಲ ಭಾವ, ಇವಳನ್ನು ಕೇಳಿಯೇ ಇಲ್ಲ, ಪಾಪಿ, ಇವಳನ್ನು ಕೇಳಿಯೇ ಇಲ್ಲ, ನಾನೂ ಕೇಳಲಿಲ್ಲ. ಬೆರಳು ಲೋಹಿತನ ಸಾಲಿಗಿಳಿದು, ಇದು ಕಿರಿಯಂದು ಅಂದುಕೊಂಡು, ಮತ್ತೆ ಮೇಲೆ ಬರುತ್ತದೆ. ಇದೊಂದು ಕೊರ್ಯೋದ್ ಬಾಕಿ ಐತೇನವ್ವ? ಹೇಳಬೇಕು, ಬಾಯಿ ತೆರೆದು ಹೇಳಬೇಕು — ಆ ಬೆರಳು, ಉಗುರು ಸವೆದ ಆ ಬೆರಳು, ನುಣ್ಣನೆಯ ಹಿತ್ತಾಳೆಯ ಮೇಲೆ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಬರುತ್ತದೆ, ಹುಡುಕುತ್ತದೆ, ಹೋಗುತ್ತದೆ, ಆ ಬೆರಳು