ಆನಿ ಬಾಯಮ್ಮನ ಬಿಸಿನೀರಿನ ಚೀಲ

ನನ್ನ ಗಂಡನ ಹದಿಮೂರನೆಯ ದಿನದ ಊಟ ಮುಗಿಸಿ ಕೊನೆಯ ನೆಂಟರೂ ಹಿಂದಿನ ಸಂಜೆ ಹೊರಟುಹೋಗಿದ್ದರು. ಬೆಳಿಗ್ಗೆ ಒಲೆ ಹೊತ್ತಿಸಿ ಮೂರು ಚಮಚ ಕಾಫಿಪುಡಿ ಹಾಕಿದೆ. ಒಂದನ್ನು ಡಬ್ಬಕ್ಕೆ ವಾಪಸು ಸುರಿದೆ. ಹಾಲಿನವಳು ಬಂದು ಹೋದಳು. ಬಿಜೈಯ ನಮ್ಮ ಬಾಡಿಗೆ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ನಡೆಯಿತು. ಅತ್ತೆ ಮಾತ್ರ ಅಡುಗೆಮನೆಗೆ ಬರಲಿಲ್ಲ.

ಹುಡುಕಿದರೆ ಹಿತ್ತಲ ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಬೇರೆ ಚಾಪೆ, ಬೇರೆ ಚೊಂಬು, ಬೇರೆ ಲೋಟ.

"ದೂರ ನಿಲ್ಲು. ನಾನು ಹೊರಗೆ," ಎಂದರು.

ನಮ್ಮಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂತು, ನಾಲ್ಕನೆಯ ದಿನ ಸ್ನಾನ ಮಾಡಿ ಒಳಗೆ ಬರುತ್ತಾರೆ. ಆದರೆ ಅತ್ತೆಗೆ ಐವತ್ತೆರಡು. ಅದು ನಿಂತು ಎರಡು ವರ್ಷ ಕಳೆದಿತ್ತು. ಇನ್ನು ತನಗೆ ಅಡುಗೆಯಿಂದ ರಜೆಯೇ ಇಲ್ಲ ಎಂದು ಆಗ ಗೊಣಗಿದ್ದು ನನಗೆ ನೆನಪಿತ್ತು.

"ಯಾವಾಗಿನಿಂದ ಅತ್ತೆ?"

"ಮಳೆಗಾಲದಿಂದ. ಬರ್ತದೆ, ಹೋಗ್ತದೆ. ನೀನು ಕಾಫಿ ಕೊಡ್ತೀಯಾ, ಇಲ್ಲ ಪರೀಕ್ಷೆ ಮಾಡ್ತೀಯಾ? ಮೇಲಿಂದ ಹೊಯ್ಯಿ, ಲೋಟ ಮುಟ್ಟಬೇಡ."

ಮೇಲಿನಿಂದ ಹೊಯ್ದೆ. ಮಳೆಗಾಲದಿಂದ ಲೆಕ್ಕ ಹಾಕಿದರೆ ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಅವರು ಒಂದು ದಿನವೂ ಹೊರಗೆ ಕೂತಿರಲಿಲ್ಲ.

ಗೋಡೆಯ ಆಚೆ ಆನಿ ಬಾಯಮ್ಮ ಬಟ್ಟೆ ಒಣಗಿಸುತ್ತಿದ್ದರು. ಅವರು ಫಳ್ನೀರಿನ ಹೆಂಗಸರ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ನರ್ಸು. ನಾನು ಹೋಗಿ ಮೆಲ್ಲಗೆ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಬುಟ್ಟಿಗೆ ಹಾಕಿದರು.

"ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸ್ಬೇಕು ಪ್ರಭಾ. ಹೆಚ್ಚಿನವರಿಗೆ ಎಂತದೂ ಇರುವುದಿಲ್ಲ. ಕೆಲವರಿಗೆ ಕೆಟ್ಟದ್ದು ಇರ್ತದೆ. ಹೊರಗಿನಿಂದ ನೋಡಿ ಹೇಳ್ಲಿಕ್ಕೆ ಆಗುವುದಿಲ್ಲ."

ಕೆಟ್ಟದ್ದರ ಹೆಸರು ನಾನು ಕೇಳಲಿಲ್ಲ. ಕ್ಯಾನ್ಸರ್ ಎಂಬ ಪದ ನನಗೆ ಗೊತ್ತಿತ್ತು. ಈ ಮನೆಯಲ್ಲಿ ಇನ್ನು ಉಳಿದವರು ನಾವಿಬ್ಬರೇ.

ಬಾಯಮ್ಮ ಗೋಡೆಯ ಮೇಲೆ ಮೊಣಕೈ ಊರಿ ಕೂಗಿದರು: "ಗಿರಿಜಮ್ಮ, ಮಂಗಳವಾರ ನಮ್ಮ ಆಸ್ಪತ್ರೆಗೆ ಬನ್ನಿ."

"ಹೊಟ್ಟೆ ಕೊಯ್ಲಿಕ್ಕಾ? ನಾನು ಬರುವುದಿಲ್ಲ."

"ಕೊಯ್ಯುವುದು ಯಾರು? ಚೂರಿ ಇಲ್ಲ, ಹೊಲಿಗೆ ಇಲ್ಲ. ಒಳಗಿನದ್ದನ್ನು ಸ್ವಲ್ಪ ಹೆರೆದು ತೆಗೆಯುವುದು, ಅಷ್ಟೆ. ತೆಂಗಿನಕಾಯಿ ಹೆರೆದ ಹಾಗೆ."

ಅತ್ತೆ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡರು. ನಮ್ಮ ಹೆರೆಮಣೆಯ ಹಲ್ಲನ್ನು ಅವರು ಮೂವತ್ತೈದು ವರ್ಷದಿಂದ ಬಲ್ಲರು.

"ಅಯ್ಯೋ, ಹಾಗಲ್ಲ ಮಾರಾಯ್ತಿ!" ಬಾಯಮ್ಮನಿಗೆ ತಪ್ಪು ಗೊತ್ತಾಯಿತು. "ಎಳನೀರು ಕುಡಿದ ಮೇಲೆ ಬೊಂಡದ ತಿರುಳನ್ನು ಚಮಚದಲ್ಲಿ ತೆಗೆಯುವುದಿಲ್ವಾ? ಹಾಗೆ. ಮೆತ್ತಗೆ. ನಿಮಗೆ ಗೊತ್ತೇ ಆಗುವುದಿಲ್ಲ, ಕ್ಲೋರೋಫಾರಂ ಕೊಡ್ತಾರೆ."

ಅಲ್ಲಿಗೆ ಮಾತು ಪೂರ್ತಿ ಕೆಟ್ಟಿತು. "ಅದಂತೂ ಬೇಡ! ನಮ್ಮ ವಕೀಲರ ಹೆಂಡತಿ ಆ ಮದ್ದು ಮೂಸಿ, ಅತ್ತಿಗೆಯ ಬಳೆ ಅಡಗಿಸಿದ್ದು ತಾನೇ ಅಂತ ಎಲ್ಲರ ಎದುರು ಹೇಳಿದ್ದಾಳೆ."

"ನೀವು ಯಾರ ಬಳೆ ಅಡಗಿಸಿದ್ದೀರಿ?"

ಅತ್ತೆ ಮುಖ ತಿರುಗಿಸಿ ಕೂತರು.

ಮಧ್ಯಾಹ್ನ ಊಟ ಬಡಿಸಿ ನಾನು ಹೊಸಿಲ ಒಳಗೆ ಕೂತೆ. ಅತ್ತೆ ಅನ್ನ ಕಲಸುತ್ತಲೇ ಇದ್ದರು, ಉಣ್ಣಲಿಲ್ಲ.

"ನಾನು ಅಡಗಿಸಿದ್ದು ಇದನ್ನೇ," ಎಂದರು. "ಹೃಷಿಗೆ ಎದೆ ಕಟ್ಟಿ ಜ್ವರ ಬಂತಲ್ಲ. ಹೊರಗೆ ಅಂತ ಹೇಳಿದರೆ ನನ್ನನ್ನು ಅವನ ಕೋಣೆಗೆ ಯಾರು ಬಿಡ್ತಿದ್ದರು? ಹೇಳಲಿಲ್ಲ. ಅದೇ ಮೈಯಲ್ಲಿ ಅವನನ್ನು ಮುಟ್ಟಿದೆ, ದೇವರ ದೀಪ ಹಚ್ಚಿದೆ. ಅದಕ್ಕೇ ಅವನು ಹೋದ. ಈಗ ನನಗೆ ಎಂತ ಬಂದರೂ ಬರಲಿ, ಮದ್ದು ಬೇಡ."

ನ್ಯುಮೋನಿಯಾ ಹೇಗೆ ಬರುತ್ತದೆ ಎಂದು ಹೇಳಬಹುದಿತ್ತು. ನಾನು ಮದರಾಸಿನಲ್ಲಿ ಓದಿ ಬಿ.ಎ. ಮಾಡಿದವಳು. ಆದರೆ ಎದ್ದು ನನ್ನ ಗಂಡನ ಕೋಣೆಗೆ ಹೋದೆ. ಮಂಚದ ಕಂಬದಲ್ಲಿ ಬಿಸಿನೀರಿನ ರಬ್ಬರು ಚೀಲ ತೂಗುತ್ತಿತ್ತು. ಬಾಯಮ್ಮನಿಂದ ಎರವಲು ತಂದದ್ದು. ಬೇರೇನೂ ತೋಚದೆ, ಕೊಡಬೇಕಾದದ್ದನ್ನಾದರೂ ಕೊಟ್ಟುಬಿಡೋಣ ಎಂದು ಗೋಡೆಯ ಬಳಿಗೆ ಒಯ್ದೆ.

"ಇರಲಿ, ಆಪರೇಷನ್ ಆದ ಮೇಲೆ ಬೇಕಾಗ್ತದೆ," ಎಂದರು ಬಾಯಮ್ಮ. "ಹೃಷಿ ಮಾಷ್ಟ್ರು ಕೊಂಡುಹೋದದ್ದು ಗಿರಿಜಮ್ಮನಿಗೇ ಅಲ್ವಾ?"

"ಇವರ ಎದೆನೋವಿಗೆ."

"ಎದೆನೋವು ಕ್ರಿಸ್ಮಸ್ ಆದ ಮೇಲೆ. ಚೀಲ ಕೊಂಡುಹೋದದ್ದು ನವರಾತ್ರಿಗೆ ಮೊದಲು. ‘ಅಮ್ಮ ಕಿಬ್ಬೊಟ್ಟೆ ಹಿಡ್ಕೊಂಡು ನಡೀತಾರೆ ಬಾಯಮ್ಮ. ಹೆಂಗಸರದ್ದೇ ಏನೋ ಶುರುವಾಗಿದೆ. ಕೇಳಿದರೆ ಹೇಳುವವರಲ್ಲ, ನಾನು ಕೇಳುವ ಹಾಗೂ ಇಲ್ಲ’ ಅಂತ ಇಲ್ಲಿಯೇ ನಿಂತು ಹೇಳಿದ್ದು. ಪಾಪ, ಕಿವಿ ಕೆಂಪಾಗಿತ್ತು."

ಆಗ ನನಗೂ ಒಂದೊಂದೇ ನೆನಪಾಯಿತು. ಚೀಲ ಬಂದ ದಿನ ಅತ್ತೆ ಅದನ್ನು ಚರ್ಮವೆಂದುಕೊಂಡು ಮುಟ್ಟಲು ಒಪ್ಪಿರಲಿಲ್ಲ. "ಇದು ಮರದ ಹಾಲಮ್ಮ, ಹಲಸಿನ ಮೇಣದ ಹಾಗೆ," ಎಂದು ಇವರು ವಾದಿಸಿ ಗೆದ್ದಿದ್ದರು. ಆಮೇಲೆ ದಿನಾ ಶಾಲೆಯಿಂದ ಬಂದು, ಬೆನ್ನುನೋವೆಂದು ಚೀಲಕ್ಕೆ ಬಿಸಿನೀರು ತುಂಬಿಸಿಕೊಂಡು, "ಅಬ್ಬಾ, ಸುಡ್ತದೆ. ಸ್ವಲ್ಪ ಆರುವವರೆಗೆ ನಿನ್ನ ಮಡಿಲಲ್ಲಿ ಇಟ್ಕೊ ಅಮ್ಮ," ಎನ್ನುತ್ತಿದ್ದರು. ಪೂರ್ತಿ ಆರಿದ ಮೇಲೂ ವಾಪಸು ಕೇಳುತ್ತಿರಲಿಲ್ಲ.

ಜಗಲಿಗೆ ಬಂದು ಅತ್ತೆಯ ಪಕ್ಕದಲ್ಲೇ ಕೂತೆ.

"ಮುಟ್ಟಬೇಡ! ಸ್ನಾನ ಮಾಡ್ಬೇಕಾಗ್ತದೆ!"

"ಮಾಡ್ತೇನೆ. ನೀರು ಕಾದುಂಟು," ಎಂದು ಅವರ ಕೈ ಹಿಡಿದು ಬಾಯಮ್ಮ ಹೇಳಿದ್ದನ್ನೆಲ್ಲ ಹೇಳಿದೆ. "ನಿಮ್ಮ ಮಗನಿಗೆ ಗೊತ್ತಿತ್ತು ಅತ್ತೆ. ಗೊತ್ತಿದ್ದೇ ನಿಮ್ಮನ್ನು ಹತ್ತಿರ ಕೂರಿಸಿಕೊಂಡದ್ದು."

ಅತ್ತೆ ಬಹಳ ಹೊತ್ತು ಅತ್ತರು. ಅತ್ತು ಮೂಗು ಒರೆಸಿಕೊಂಡು, "ಬೆನ್ನುನೋವಂತೆ, ಸುಳ್ಳ!" ಎಂದರು. ಆಮೇಲೆ, "ಮಂಗಳವಾರ ಎಷ್ಟು ಗಂಟೆಗೆ?"

ಮಂಗಳವಾರಕ್ಕೆ ಮೊದಲೇ ಬಾಯಮ್ಮನ ಜೊತೆ ಹೋಗಿ ಲೇಡಿ ಡಾಕ್ಟರನ್ನು ಕಂಡೆ, ಮಲಯಾಳದವರು. ಏನೇನು ಮಾಡುತ್ತೇನೆಂದು ನನಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ನಾನು ಅತ್ತೆಗೆ ಹೇಳಿದೆ. ಹಿಂದಿನ ರಾತ್ರಿ ಗಂಜಿ ಮಾತ್ರ. ಬೆಳಿಗ್ಗೆ ಹೊಟ್ಟೆ ತೊಳೆಯಲು ಸೋಪಿನ ನೀರಿನ ಎನಿಮಾ. ಮಲಗಿಸಿ ಕಾಲನ್ನು ಪಟ್ಟಿಗಳಲ್ಲಿ ಎತ್ತಿ ಕಟ್ಟುತ್ತಾರೆ, ಆದರೆ ಆ ಕೋಣೆಯೊಳಗೆ ಗಂಡಸರು ಯಾರೂ ಇಲ್ಲ. ನಿದ್ದೆ ಬಂದ ಮೇಲೆ ನಯವಾದ ಉಕ್ಕಿನ ಕಡ್ಡಿಗಳಿಂದ, ಸಣ್ಣದರಿಂದ ಶುರುಮಾಡಿ ದೊಡ್ಡದರವರೆಗೆ, ಗರ್ಭಕೋಶದ ಬಾಯಿಯನ್ನು ಅಗಲ ಮಾಡಿ, ಉದ್ದ ಹಿಡಿಯ ಪುಟ್ಟ ಚಮಚದಲ್ಲಿ ಒಳಗಿನ ಪದರ ತೆಗೆಯುವುದು. ಇಪ್ಪತ್ತು ನಿಮಿಷ. ತೆಗೆದದ್ದನ್ನು ಸೀಸೆಯಲ್ಲಿ ಮದರಾಸಿಗೆ ಕಳುಹಿಸುತ್ತಾರೆ. ಕೆಟ್ಟದ್ದು ಇದೆಯೋ ಇಲ್ಲವೋ ಅಲ್ಲಿ ಪರೀಕ್ಷೆ ಮಾಡಿ ಕಾಗದ ಬರೆಯುತ್ತಾರೆ.

ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಒಂದಕ್ಕೆ ಮಾತ್ರ ಬೆಚ್ಚಿದರು.

"ಬೆಳಿಗ್ಗೆ ಕಾಫಿ ಇಲ್ವಾ?"

"ನೀರೂ ಇಲ್ಲ."

"ಕಡ್ಡಿ, ಚಮಚ ಎಂತ ಬೇಕಾದರೂ ಹಾಕಲಿ. ಕಾಫಿ ಇಲ್ಲ ಅಂದರೆ ಹೇಗೆ?"

ಮಂಗಳವಾರ ಬೆಳಿಗ್ಗೆ ಕಾಸಿಮನ ಜಟಕಾದಲ್ಲಿ ಹೊರಟೆವು. ಪ್ರತಿ ಹೋಟೆಲಿನ ಎದುರಿಗೂ ಅತ್ತೆ ಮೂಗು ಎತ್ತಿ ನಿಟ್ಟುಸಿರು ಬಿಟ್ಟರು. "ಬೇಗ ಹೊಡಿ ಮಾರಾಯ, ಇವರು ಇಳಿದುಬಿಟ್ಟಾರು," ಎಂದು ನಾನೇ ಹೇಳಿದೆ. ಎಷ್ಟೋ ದಿನದ ಮೇಲೆ ನನ್ನ ಬಾಯಿಂದ ಬಂದ ತಮಾಷೆ ಅದು. ಕಾಸಿಂ ತಿರುಗಿ ನೋಡಿದ.

ಮುಖದ ಮೇಲೆ ಬಟ್ಟೆ ಸುತ್ತಿದ ತಂತಿ ಜಾಲರಿ ಇಟ್ಟು ಹನಿಹನಿಯಾಗಿ ಮದ್ದು ಬಿಡುವಾಗ ಎಣಿಸಲು ಹೇಳಿದರಂತೆ. ಅತ್ತೆ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಎಂದು ಎಣಿಸುವುದು ಹೊರಗಿನ ಬೆಂಚಿನಲ್ಲಿದ್ದ ನನಗೂ ಕೇಳಿಸಿತು. ಏಳಕ್ಕೆ ನಿಂತಿತು. ನಾನು ಎದುರಿನ ಗಡಿಯಾರ ನೋಡುತ್ತ ಕೂತೆ. ಇಪ್ಪತ್ತಲ್ಲ, ಇಪ್ಪತ್ತಾರು ನಿಮಿಷವಾಯಿತು.

ಎಚ್ಚರವಾದಾಗ ಅತ್ತೆ ಎರಡು ಸಲ ವಾಂತಿ ಮಾಡಿದರು. ಮುಟ್ಟಿನ ಮೊದಲ ದಿನದಂತೆ ಹೊಟ್ಟೆ ಹಿಂಡುತ್ತದೆ ಎಂದರು. ಆಮೇಲೆ ಕೇಳಿದ್ದು ಒಂದೇ: "ನಾನು ಎಂತ ಹೇಳಿದೆ?"

ಬಾಯಮ್ಮ ಗಂಭೀರವಾದರು. "ಎಲ್ಲ ಹೇಳಿದಿರಿ. ಡಾಕ್ಟರಿಗೆ ಬೈದಿರಿ."

"ಅಯ್ಯೋ ದೇವರೇ! ಎಂತ ಅಂತ?"

"‘ಮನೆಗೆ ಬಂದವರಿಗೆ ಒಂದು ಲೋಟ ಕಾಫಿ ಕೊಡದ ನೀವೆಂಥ ಜನ’ ಅಂತ. ಮೂರು ಸಲ. ಡಾಕ್ಟರಿಗೆ ತುಳು ಬರುವುದಿಲ್ಲ, ಆಶೀರ್ವಾದ ಮಾಡ್ತಿದ್ದಾರೆ ಅಂತ ನಾನು ಹೇಳಿದ್ದೇನೆ."

ಒಳಗೆ ಗೇರುಬೀಜದಷ್ಟು ಒಂದು ಗಂಟು ಸಿಕ್ಕಿತ್ತು. ಅದನ್ನು ಬುಡದಿಂದ ತಿರುಚಿ ತೆಗೆದಿದ್ದರು. ನೋಡಲು ಸಾಧುವಾಗಿದೆ, ಆದರೂ ಮದರಾಸಿನ ಕಾಗದ ಬರದೆ ಏನೂ ಹೇಳಲಾರೆ ಎಂದರು ಡಾಕ್ಟರು. ನೀರಿನ ಕೊಡ ಎತ್ತಬಾರದು. ಜ್ವರ ಬಂದರೆ, ರಕ್ತ ಹೆಚ್ಚಾದರೆ ಕೂಡಲೇ ಕರೆತರಬೇಕು.

ಎರಡು ದಿನದ ಮೇಲೆ ಮನೆಗೆ ಬಂದಾಗ ಇನ್ನೂ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿತ್ತು. ನಾನು ಜಗಲಿಯಲ್ಲಿ ಚಾಪೆ ಹಾಸಲು ಹೋದೆ.

"ಅಲ್ಲಿ ಯಾಕೆ?" ಎಂದರು ಅತ್ತೆ. "ಇದು ಡಾಕ್ಟರು ಮಾಡಿದ ಗಾಯ. ಮುಟ್ಟು ಅಲ್ಲ. ಕಾಲಿಗೆ ಕತ್ತಿ ತಾಗಿದರೆ ಹೊರಗೆ ಕೂರ್ತಾರಾ?"

ಹಾಗೆಂದು ತಾವೇ ತೀರ್ಪು ಕೊಟ್ಟುಕೊಂಡು, ಇವರ ಕೋಣೆಗೆ ಹೋಗಿ ಇವರ ಮಂಚದ ಮೇಲೆಯೇ ಮಲಗಿದರು. ನಾನು ಚೀಲಕ್ಕೆ ಬಿಸಿನೀರು ತುಂಬಿಸಿ ಕೊಟ್ಟೆ. ದಿನಾ ಸಂಜೆ, ಇವರು ಶಾಲೆಯಿಂದ ಬರುತ್ತಿದ್ದ ಹೊತ್ತಿಗೆ, ಹಾಗೆಯೇ ತುಂಬಿಸಿ ಕೊಟ್ಟೆ. ಹತ್ತನೆಯ ದಿನಕ್ಕೆ ರಕ್ತ ನಿಂತಿತು. ನೋವು ಅದಕ್ಕೂ ಮೊದಲೇ ನಿಂತಿತ್ತು. ಆದರೂ ಅತ್ತೆ ಚೀಲ ಕೇಳುವುದನ್ನು ಬಿಡಲಿಲ್ಲ, ನಾನೂ ತುಂಬಿಸುವುದನ್ನು ಬಿಡಲಿಲ್ಲ. ಕಾಗದದ ಮಾತನ್ನು ಇಬ್ಬರೂ ಆಡಲಿಲ್ಲ.

ನಾಲ್ಕನೆಯ ವಾರ ಬಾಯಮ್ಮ ಆಸ್ಪತ್ರೆಯಿಂದ ನೇರ ಗೋಡೆಯ ಬಳಿಗೆ ಬಂದರು. ಕೈಯಲ್ಲಿ ಲಕೋಟೆ.

"ಓದು ಪ್ರಭಾ. ನಾನು ಓದಿದ್ದೇನೆ, ಆದರೂ ನೀನೇ ಓದಿ ಹೇಳು."

ಟೈಪು ಮಾಡಿದ ಎರಡು ಸಾಲು. ಮೂರು ಸಲ ಓದಿದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು.

"ಎಂತದೂ ಇಲ್ಲ ಅತ್ತೆ. ಕೆಟ್ಟದ್ದು ಎಂತದೂ ಇಲ್ಲವಂತೆ."

"ಇಷ್ಟು ಹೇಳ್ಲಿಕ್ಕೆ ಅವರಿಗೆ ನಾಲ್ಕು ವಾರ ಬೇಕಾಯಿತಾ?" ಎಂದು ಅತ್ತೆ ಒಳಗೆ ಹೋದರು. ಒಳಗಿನಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ಆಮೇಲೆ ಕಾಫಿಯ ಪರಿಮಳ.

ಆ ಸಂಜೆ ಅತ್ತೆ ಚೀಲ ಕೇಳಲಿಲ್ಲ. ನಾನು ಅದನ್ನು ತೊಳೆದು, ಬಾಯಿ ಕೆಳಗೆ ಮಾಡಿ ಹಗ್ಗಕ್ಕೆ ನೇತುಹಾಕಿದೆ. ಮರುದಿನ ಮಧ್ಯಾಹ್ನ ಒಣಗಿತ್ತು. ಕೊಡಲು ಹೊರಟಾಗ ಅತ್ತೆ ತಡೆದರು. ಎರವಲು ತಂದದ್ದನ್ನು ಬರಿದಾಗಿ ಕೊಡಬಾರದೆಂದು ಒಂದು ಕಟ್ಟು ಹಲಸಿನ ಹಪ್ಪಳ ತಂದು ನನ್ನ ಕೈಗೆ ಕೊಟ್ಟರು. ಹಪ್ಪಳ ಚೀಲದೊಳಗೆ ಹೋಗುವಂತಿಲ್ಲವಾದ್ದರಿಂದ ಎರಡನ್ನೂ ಒಟ್ಟಿಗೆ ಬಾಳೆನಾರಿನಲ್ಲಿ ಕಟ್ಟಿದೆವು.

ಬಾಯಮ್ಮ ಗೋಡೆಯಾಚೆಯಿಂದ ಕೈ ಚಾಚಿದರು. ಬಿಸಿಲಿಗೆ ರಬ್ಬರು ಕಾದಿತ್ತು.

"ಇನ್ನೂ ಬೆಚ್ಚಗೆ ಉಂಟಲ್ಲ!" ಎಂದರು.

"ಹೌದು," ಎಂದು ಕೈ ಬಿಟ್ಟೆ.