ಹರಳೆಣ್ಣೆಯ ವಾಷರ್

ಕೊಡಗು ಇನ್ನೂ ಮೈಸೂರು ರಾಜ್ಯಕ್ಕೆ ಸೇರದೆ ತನ್ನದೇ ಪುಟ್ಟ ರಾಜ್ಯವಾಗಿದ್ದ ದಿನಗಳವು. ಮೈಸೂರಿನಲ್ಲಿ ಬಿ.ಎ. ಮುಗಿಸಿ ನಾನು ಚೆಟ್ಟಳ್ಳಿಯ ಶಾಲೆಗೆ ಟೀಚರಾಗಿ ಬಂದಿದ್ದೆ. ಉತ್ತಯ್ಯನವರ ಅಂಗಡಿಯ ಪಕ್ಕದ ಕೋಣೆಯಲ್ಲಿ ನನ್ನ ವಾಸ. ಅಂಗಡಿಯ ಜಗಲಿಯ ತುದಿಯಲ್ಲಿ ಹುಚ್ಚಮ್ಮ ಪಂಪು ಹೊಡೆದು ಉರಿಸುವ ಗ್ಯಾಸ್‌ಲೈಟುಗಳನ್ನು ರಿಪೇರಿ ಮಾಡುತ್ತಿದ್ದರು.

ಹಾಸನದ ಕಡೆಯಿಂದ ಬಂದ ಅವರ ಗಂಡ ಜವರಯ್ಯ ಮಾಡುತ್ತಿದ್ದ ಕೆಲಸ ಅದು. ಅವರು ತೀರಿಕೊಂಡ ಮೇಲೆ ಹುಚ್ಚಮ್ಮ ಅದೇ ಮಣೆಯ ಮೇಲೆ ಕೂತರು. ಉತ್ತಯ್ಯನವರು ಬೇಡ ಎನ್ನಲಿಲ್ಲ. ಇರು ಎಂದೂ ಹೇಳಲಿಲ್ಲ. ಹಾಗಾಗಿ ಹುಚ್ಚಮ್ಮ ಜಗಲಿಯ ತೊಲೆಗೆ ಒಂದು ಮೊಳೆಯನ್ನೂ ಹೊಡೆಯದೆ, ಲೈಟುಗಳನ್ನು ಬಿದಿರ ಗಳಕ್ಕೆ ನೇತುಹಾಕುತ್ತಿದ್ದರು.

ಹುತ್ತರಿ ಹಬ್ಬ ಕಳೆದು ವಾರವಾಗಿತ್ತು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಸಿದ್ದರಾಜು ಬೆಳಗ್ಗೆಯೇ ಕೂಗಾಡುತ್ತ ಬಂದ.

"ನಿನ್ನೆ ಪಿಕ್ಕಿಂಗ್ ಮುಗಿದು ಹಣ್ಣು ತೂಗೋ ಹೊತ್ತಿಗೆ ಸರಿಯಾಗಿ ಲೈಟು ಸತ್ತೋಯ್ತು! ಹೋದ ತಿಂಗಳು ಇವಮ್ಮನೇ ಮಾಡಿಕೊಟ್ಟಿದ್ದು. ಉತ್ತಯ್ಯನೋರೆ, ಹೆಂಗಸಿನ ಕೈಗೆ ಪಂಪು ಕೊಟ್ರೆ ಇಷ್ಟೇಯ. ಈ ಜಾಗಕ್ಕೆ ಬೇರೆ ಯಾರನ್ನಾದ್ರೂ ಕರೆಸಿ."

ಅಷ್ಟು ಕೂಗಾಡಿದರೂ, ಗಾಜಿನ ಚಿಮಣಿ ಒಡೆಯದಿರಲೆಂದು ತನ್ನ ಮಫ್ಲರನ್ನೇ ಲೈಟಿಗೆ ಸುತ್ತಿಕೊಂಡು ಬಂದಿದ್ದ. ಆ ಚಳಿಯಲ್ಲಿ ಅವನ ಕತ್ತು ಬರಿದಾಗಿತ್ತು.

ಉತ್ತಯ್ಯನವರು ಮೀಸೆ ತಿರುವಿದರು. "ಎಂತ ಹುಚ್ಚಮ್ಮ? ತಪ್ಪು ನಿನ್ನದಾದ್ರೆ ಮಣೆ ಎತ್ತಬೇಕಾಗ್ತದೆ."

ಹುಚ್ಚಮ್ಮ ಪಂಪಿನ ಕಡ್ಡಿ ಹೊರಗೆಳೆದರು. ತುದಿಯ ತೊಗಲಿನ ವಾಷರ್ ಮುದುಡಿ ಕಲ್ಲಾಗಿತ್ತು. ಸುತ್ತ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಮೂಗಿಗೆ ಹಿಡಿದು, "ಹಂದಿ ಕೊಬ್ಬು" ಎಂದರು. "ನಾನು ಹಾಕೋದು ಹರಳೆಣ್ಣೆ. ಕೊಬ್ಬು ಚಳಿಗೆ ಗಟ್ಟಿಯಾಯ್ತದೆ, ವಾಷರ್ ಅರಳಲ್ಲ, ಗಾಳಿ ಹಿಡಿಯಲ್ಲ."

"ಎಸ್ಟೇಟಲ್ಲಿ ಯಾರೂ ಕೈ ಹಾಕಿಲ್ಲ," ಎಂದ ಸಿದ್ದರಾಜು. "ಹುತ್ತರಿಗೆ ಒಂದಿನ ಉತ್ತಯ್ಯನೋರ ಮನೆಗೆ ಕೊಟ್ಟಿದ್ದು..." ಎಂದವನು ಅಲ್ಲೇ ನಾಲಿಗೆ ಕಚ್ಚಿಕೊಂಡ.

ಉತ್ತಯ್ಯನವರ ಕೈ ಮೀಸೆಯಿಂದ ಕೆಳಗಿಳಿಯಿತು. ಆಮೇಲೆ ಸಿದ್ದರಾಜುವೇ ದನಿ ತಗ್ಗಿಸಿದ. "ಹೋಗ್ಲಿ ಬಿಡವ್ವ. 'ನಂದೇ ತಪ್ಪು' ಅಂತ ನೀನೇ ಅಂದ್ಬಿಡು. ಯಜಮಾನ್ರು ದೊಡ್ಡ ಮನಸ್ಸು ಮಾಡ್ತಾರೆ."

"ಅನ್ನಲ್ಲ," ಎಂದರು ಹುಚ್ಚಮ್ಮ. "ಯಾರು ಹಾಕಿದ್ರೂ ಅದು ತಪ್ಪೇಯ. ಯಜಮಾನ್ರು ಹಾಕಿದ್ರೂ ತಪ್ಪೇಯ. ಮಣೆ ಎತ್ತು ಅಂದ್ರೆ ಎತ್ತುತೀನಿ. ನಾ ಮಾಡಿದ ಕೆಲಸ ಕೆಟ್ಟದ್ದು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ."

ಉತ್ತಯ್ಯನವರ ಮುಖ ಕೆಂಪೇರಿತು. "ಪಂಪು ಕೀಂಯ್ ಅಂತಿತ್ತು, ಕೊಬ್ಬು ನಾನೇ ಹಚ್ಚಿದ್ದು. ನಮ್ಮ ಕೋವಿಗೆ ಅಜ್ಜನ ಕಾಲದಿಂದ ಅದನ್ನೇ ಹಚ್ಚೋದು. ಕೋವಿಗೆ ಆಗೋದು ಇದಕ್ಕೆ ಯಾಕಾಗಲ್ಲ?"

"ಕೋವಿ ಒಳಗೆ ತೊಗಲಿಲ್ಲ, ಯಜಮಾನ್ರೇ."

ನಾನು ಬಾಗಿಲಿಗೆ ಮುಖ ತಿರುಗಿಸಿ ನಗು ನುಂಗಿಕೊಂಡೆ.

"ಸರಿ, ಈಗಲೇ ಲೈಟು ಹೊತ್ತಿಸಿ ತೋರಿಸು ನೋಡೋಣ," ಎಂದರು ಉತ್ತಯ್ಯ.

"ಈಗಾಗಲ್ಲ. ಹೊಸ ತೊಗಲು ಒಂದು ರಾತ್ರಿ ಎಣ್ಣೇಲಿ ನೆನೀಬೇಕು. ನಾಳೆ ಬನ್ನಿ."

"ಇವತ್ತೂ ತೂಕ ಐತಲ್ಲವ್ವ!" ಎಂದು ಸಿದ್ದರಾಜು ಕೈ ಚಾಚಿದ. ಹುಚ್ಚಮ್ಮ ಲೈಟನ್ನು ಮಡಿಲಿಗೆಳೆದುಕೊಂಡರು. ಗಳದಿಂದ ತಮ್ಮದೇ ಲಾಂದ್ರವನ್ನು ಬಿಚ್ಚಿ, ಮಫ್ಲರಿನ ಜೊತೆ ಅವನ ಕೈಗಿತ್ತರು. "ಇದ್ರಲ್ಲಿ ತೂಗು. ಮಫ್ಲರು ಕತ್ತಿಗೆ ಸುತ್ಕೊ, ಲಾಂದ್ರಕ್ಕಲ್ಲ."

ಮರುದಿನ ಬೆಳಗ್ಗೆ ನೆನೆದ ವಾಷರಿನ ಅಂಚನ್ನು ಅವರು ಬೆರಳಿಂದ ಹೂವಿನಂತೆ ಅರಳಿಸಿ ಕೂರಿಸಿದರು. ಸ್ಪಿರಿಟ್ ಪೂರ್ತಿ ಉರಿದು ಬರ್ನರ್ ಬಿಸಿಯೇರುವವರೆಗೆ, ಉತ್ತಯ್ಯನವರು ತಾಳ್ಮೆಗೆಟ್ಟು ಎಷ್ಟು ಕೆಮ್ಮಿದರೂ, ಪಂಪು ಮುಟ್ಟಲಿಲ್ಲ. ಆಮೇಲೆ ಹೊಡೆದರು. ಒಂದೊಂದು ಹೊಡೆತವೂ ಗಾಳಿ ಹಿಡಿಯಿತು. ಹಗಲಿನ ಬಿಸಿಲಿನಲ್ಲೂ ಚಿಮಣಿಯೊಳಗಿನ ಮ್ಯಾಂಟಲ್ ಬಲೆ ಬೆಳ್ಳಗೆ ಬೆಳಗಿತು.

ಉತ್ತಯ್ಯನವರು ತುಸು ಹೊತ್ತು ನೋಡಿದರು. ಒಳಗೆ ಹೋಗಿ ಸುತ್ತಿಗೆ, ಒಂದು ಕಬ್ಬಿಣದ ಕೊಕ್ಕೆ ತಂದು, ಸ್ಟೂಲು ಹತ್ತಿ ಮಣೆಯ ನೇರಕ್ಕೆ ತೊಲೆಯಲ್ಲಿ ಹೊಡೆದರು. "ಇನ್ನು ಆ ಗಳ ಬೇಡ," ಎಂದರು.

ಹುಚ್ಚಮ್ಮ ತಲೆಯೆತ್ತಿ ನೋಡಿದರು.

"ಇನ್ನೊಂದು ಗೇಣು ಈಚೆಗೆ ಹೊಡೀರಿ ಯಜಮಾನ್ರೇ. ಅಲ್ಲೇ ಇದ್ರೆ ಲೈಟಿನ ಕಾವಿಗೆ ನಿಮ್ಮ ಸೂರಿನ ಅಡ್ಡಪಟ್ಟಿ ಸುಟ್ಟೋಯ್ತದೆ."

ಉತ್ತಯ್ಯನವರು ಕೊಕ್ಕೆ ಕಿತ್ತು, ಇನ್ನೊಂದು ಗೇಣು ಈಚೆಗೆ ಹೊಡೆದರು.