ಬೀಗಿತ್ತಿ ಬರಲು ಒಳ್ಳೆಯ ಕಾಲ

ಪೂ ದೈಫೆನ್ ಬಾಯಿ ಜಾರಿದ್ದು ಹಾರ್ಬಿನ್ನಿನಲ್ಲಿ, ಮಗಳ ಮದುವೆ ಮುಗಿದ ಮಾರನೆಯ ದಿನ. ಮೈಮೇಲೆ ಬೀಗಿತ್ತಿ ಹೊದಿಸಿದ ತುಪ್ಪಳದ ಕೋಟು, ಕೈಯಲ್ಲಿ ಬೀಗಿತ್ತಿ ಕೊಟ್ಟ ಕಲ್ಲಿನಂಥ ಹೆಪ್ಪುಗಟ್ಟಿದ ಪಿಯರ್ ಹಣ್ಣು, ಎದುರಿಗೆ ಮಂಜುಗಡ್ಡೆಯಲ್ಲೇ ಕಟ್ಟಿ ಒಳಗೆ ಬಣ್ಣದ ದೀಪ ಹಚ್ಚಿದ ಅರಮನೆ. ಬೀಗಿತ್ತಿ ಗುವಾನ್ ಯಾಜೀ ಸೊಂಟದ ಮೇಲೆ ಕೈಯಿಟ್ಟುಕೊಂಡು, ಅದನ್ನೆಲ್ಲ ತಾನೇ ರಾತ್ರಿ ಕೂತು ಕೆತ್ತಿದವಳ ಹಾಗೆ ಕೇಳಿದಳು:

"ನಿಮ್ಮ ಕಡೆ ಇಂಥಾದ್ದು ಐತೇನ್ರೀ?"

ದೈಫೆನ್‌ಗೆ ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಬಿಟ್ಟುಕೊಡಲಿಲ್ಲ. "ಇಂಥದ್ದು ನೋಡೋಕೆ ನೀವು ಚಳಿಗಾಲಕ್ಕೇ ಕಾಯ್ಬೇಕು. ನಮ್ಮ ಚೊಂಗ್‌ಚಿಂಗ್ ಹಾಗಲ್ಲ. ಯಾವಾಗ ಬೇಕಾದ್ರೂ ಬನ್ನಿ, ಯಾವ ಕಾಲಕ್ಕೆ ಬಂದ್ರೂ ಚೆನ್ನಾಗಿರುತ್ತೆ."

ಪಕ್ಕದಲ್ಲಿ ನಿಂತಿದ್ದ ಅವಳ ಗಂಡ ತಾನ್ ಶೀಗುಯ್ ಸಣ್ಣಗೆ ಕೆಮ್ಮಿದ. ಅವರ ಊರಿನ ಮಾತಲ್ಲಿ ಹೇಳುವುದಾದರೆ ಅವನು ಮೆತ್ತನೆ ಕಿವಿಯ ಗಂಡಸು. ಹೆಂಡತಿಯ ಮಾತಿಗೆ ಎದುರಾಡಿದವನಲ್ಲ. ಚೊಂಗ್‌ಚಿಂಗಿನಲ್ಲಿ ಅಂಥವರೇ ಹೆಚ್ಚು. ಆದರೆ ಈ ಮಾತಿಗೆ ಕೆಮ್ಮದೆ ಇರಲು ಅವನಿಂದಲೂ ಆಗಲಿಲ್ಲ.

ಊರಿಗೆ ಮರಳಿ ಮನೆಯ ಬೂಷ್ಟು ಒರೆಸುವಷ್ಟರಲ್ಲೇ ಫೋನು ಬಂತು.

"ಬೀಗ್ತೇರ, ಆರಾಮ ಇದ್ದೀರೇನು? ನಾ ಬರ್ತೀನ್ರೀ ನಿಮ್ಮೂರಿಗೆ. ಯಾವ ಕಾಲ ಭಾಳ ಛಲೋ, ಅದೊಂದು ಹೇಳ್ರಿ."

ಯಾವ ಕಾಲವಾದರೂ ಸರಿ ಎಂದವಳು ಈಗ ಒಂದು ಕಾಲ ಹೇಳಬೇಕಾಯಿತು. ದೈಫೆನ್ ಕಿಟಕಿಯ ಹೊರಗೆ ನೋಡಿದಳು. ಮಂಜಿನಲ್ಲಿ ಎದುರು ಗುಡ್ಡವೂ ಇಲ್ಲ, ಹೊಳೆಯೂ ಇಲ್ಲ, ಪಕ್ಕದ ಮನೆಯೂ ಇಲ್ಲ. ಸೂರ್ಯ ಮುಖ ತೋರಿಸಿ ಎಷ್ಟು ದಿನವಾಗಿತ್ತೋ. "ಮಾರ್ಚ್‌ನಲ್ಲಿ ಬನ್ನಿ, ಹೂವಿನ ಕಾಲ" ಎಂದಳು.

ಮಾರ್ಚ್ ಬಂತು, ಹೂವೂ ಬಂತು. ಹೂವಿನ ಮೇಲೆ ಜಿಟಿಜಿಟಿ ಮಳೆಯೂ ಬಂದು, ಎಲ್ಲ ಎಸಳೂ ಮೆಟ್ಟಿಲ ಮೇಲೆ ಕೆಸರಾಗಿ ಅಂಟಿಕೊಂಡಿತು. ಅವರ ಗುಡ್ಡದಲ್ಲಿ ರಸ್ತೆಗಿಂತ ಮೆಟ್ಟಿಲೇ ಜಾಸ್ತಿ; ಬೀಗಿತ್ತಿ ಕಾಲು ಜಾರಿ ಬಿದ್ದರೆ ಯಾಂಗ್ತ್ಸಿ ಹೊಳೆಯವರೆಗೆ ತಡೆಯುವವರಿಲ್ಲ. ದೈಫೆನ್ ಫೋನು ಮಾಡಿ, ಇನ್ನೊಂದು ಸ್ವಲ್ಪ ತಡೀರಿ ಎಂದಳು.

ಮೆಟ್ಟಿಲ ಬುಡದ ಚಹಾದಂಗಡಿಯಲ್ಲಿ ಅವಳು ಈ ವಿಷಯ ಎತ್ತಿದ್ದೇ ತಪ್ಪಾಯಿತು. ಅಲ್ಲಿ ಸದಾ ಕೂತಿರುತ್ತಿದ್ದ ಲಿಯಾವ್ ಅಜ್ಜ ಒಂದು ಕಾಲದಲ್ಲಿ ದೋಣಿ ನಡೆಸಿದವನು, ಈಗ ನಾಲಿಗೆ ಮಾತ್ರ ನಡೆಸುವವನು.

"ಚಳಿಗಾಲದಲ್ಲೇ ಕರೆಸಮ್ಮ. ಮಂಜಿರುತ್ತೆ," ಎಂದ.

"ಮಂಜಲ್ಲಿ ಏನಜ್ಜ ಕಾಣುತ್ತೆ?"

"ಏನೂ ಕಾಣಲ್ಲ. ಅದಕ್ಕೇ ಹೇಳಿದ್ದು. ನೀನು ಜಗಲೀಲಿ ಒಣಹಾಕಿರೋ ನಿನ್ನ ಗಂಡನ ತೂತು ಬನಿಯನ್ನೂ ಕಾಣಲ್ಲ."

ಅಂಗಡಿಯ ಒಡತಿ ಮೂ ಚಿಕ್ಕಮ್ಮ ಬಿಸಿನೀರು ಸುರಿಯುತ್ತಾ ತಲೆ ಹಾಕಿದಳು. "ಚಳಿಗಾಲಕ್ಕೆ ಮಾತ್ರ ಬೇಡ ಕಣೇ. ಆ ಕಡೆಯವರ ಮನೆ ಒಳಗೆಲ್ಲ ಬಿಸಿ ಕೊಳವೆ ಇರುತ್ತೆ, ಜನವರಿಯಲ್ಲೂ ತೋಳಿಲ್ಲದ ಅಂಗಿಯಲ್ಲಿ ಓಡಾಡ್ತಾರೆ. ನಿಮ್ಮನೇಲಿ ಒಂದು ರಾತ್ರಿ ಮಲಗಿದ್ರೆ ಬೆಳಿಗ್ಗೆ ಅವಳನ್ನ ಕೆತ್ತಿ ತೆಗೀಬೇಕಾಗುತ್ತೆ."

"ಮತ್ತೆ ಮೇ ತಿಂಗಳು?"

"ಮೇ ರಜೆಗೆ ದೇಶ ಪೂರ್ತಿ ಇಲ್ಲೇ ಇರುತ್ತೆ. ನಿನ್ನ ಬೀಗಿತ್ತಿ ನಮ್ಮೂರು ನೋಡಲ್ಲ, ಮುಂದೆ ನಿಂತವರ ಬೆನ್ನು ನೋಡ್ತಾಳೆ."

"ಹೋಗ್ಲಿ, ಅಕ್ಟೋಬರ್?"

ಲಿಯಾವ್ ಅಜ್ಜ ಬಾಯಲ್ಲಿದ್ದ ಚಹಾದೆಲೆ ಉಗಿದ. "ಅಕ್ಟೋಬರಲ್ಲಿ ಒಂದು ದಿನ ಇರುತ್ತೆ ನೋಡು, ಗಾಳಿ, ಬಿಸಿಲು, ಆಕಾಶ ಎಲ್ಲ ಹದವಾಗಿ, ಸ್ವರ್ಗ! ಆ ದಿನ ನಾನು ಹೋದ ವರ್ಷ ಮಲಗಿಬಿಟ್ಟಿದ್ದೆ, ತಪ್ಪಿಹೋಯ್ತು."

ದೈಫೆನ್ ಆ ಒಂದು ದಿನಕ್ಕೇ ಆಸೆಪಟ್ಟು, ಅಕ್ಟೋಬರಿಗೆ ಬನ್ನಿ ಎಂದು ಹಾರ್ಬಿನ್ನಿಗೆ ಹೇಳಿದಳು. ಸಂಜೆ ಮಗಳು ಲೂಯಾವ್ ಫೋನು ಮಾಡಿದಳು.

"ಅಮ್ಮ, ನಮ್ಮತ್ತೆ ಕೇಳ್ತಿದ್ದಾರೆ, ನಿಮ್ಮಮ್ಮನ ಮನೆಗೆ ಛಾವಣಿ ಇದೆಯೋ ಇಲ್ಲವೋ ಅಂತ."

"ಅಯ್ಯೋ, ಯಾಕಂತೆ?"

"ಇದ್ದಿದ್ರೆ ಇಷ್ಟು ಹೊತ್ತಿಗೆ ಕರೀತಿದ್ರು ಅಂತೆ. ತಾವು ಬರೋದು ಇಷ್ಟವಿಲ್ಲ ಅಂದ್ರೆ ನೇರವಾಗಿ ಹೇಳ್ಲಿ ಅಂತಾರೆ. ನಾನು ಇಲ್ಲಿ ದಿನಾ ಅವರ ಮುಖ ನೋಡ್ಬೇಕಮ್ಮ!"

ದೈಫೆನ್ ಕೂತಲ್ಲೇ ಕುಗ್ಗಿಹೋದಳು. ಬರುವುದು ಇಷ್ಟವಿಲ್ಲದೆ ಏನು? ಬೀಗಿತ್ತಿ ಬರಬೇಕು, ಬೆರಗಾಗಬೇಕು, ಹಾರ್ಬಿನ್ನಿಗೆ ಹೋಗಿ ನೆರೆಹೊರೆಯವರ ಹೊಟ್ಟೆ ಉರಿಸಬೇಕು ಎಂದೇ ಅಲ್ಲವೇ ಅವಳು ಇಷ್ಟೆಲ್ಲ ಒದ್ದಾಡುತ್ತಿದ್ದುದು! ಮಾರನೆಯ ದಿನ ಸಮಾಧಾನ ಹೇಳಲೆಂದು ಫೋನು ಮಾಡಿದರೆ ಯಾಜೀ ಮಾತಾಡಲು ಬಿಡಲೇ ಇಲ್ಲ.

"ಟಿಕೀಟು ತಗೊಂಡೀನ್ರೀ. ಜುಲೈ ಕಡೀಗೆ ಬರ್ತೀನಿ."

"ಜುಲೈ? ಬೇಡ ಬೇಡ! ಬೀಗ್ತಿಯವ್ರೇ, ಜುಲೈನಲ್ಲಿ ನಾವೇ ಇಲ್ಲಿ ಇರೋಕಾಗಲ್ಲ! ಬಾಣಲೆ ಬಾಣಲೆ!"

"ನಾ ಬಾಯ್ಲರ್ ಖೋಲ್ಯಾಗ ಕೆಲಸ ಮಾಡಿ ರಿಟೈರ್ ಆದಾಕಿ. ಇಡೀ ಓಣಿಗೆ ಚಳಿಗಾಲದಾಗ ಬಿಸಿ ಕೊಟ್ಟೀನಿ. ನಿಮ್ಮ ಸೂರ್ಯ ನನಗೇನು ಮಾಡ್ತಾನ? ಮುಗೀತು, ಮಾತು ಬ್ಯಾಡ."

ಆ ವರ್ಷ ಮಳೆ ಕೈಕೊಟ್ಟಿತ್ತು. ಹೊಳೆ ಸೊರಗಿ, ತಳದ ಬಂಡೆಗಳು ಹಂದಿಯ ಬೆನ್ನಿನಂತೆ ಮೇಲೆದ್ದಿದ್ದವು. ರೈಲು ನಿಲ್ದಾಣದ ತಂಪಿನಿಂದ ಗಾಜಿನ ಬಾಗಿಲು ದಾಟಿ ಹೊರಗೆ ಕಾಲಿಟ್ಟ ಯಾಜೀ ಅಲ್ಲೇ ನಿಂತಳು. ತಲೆಗೆ ಅಗಲ ಹುಲ್ಲುಟೋಪಿ, ಎರಡೂ ಕೈಯಲ್ಲಿ ತಮ್ಮೂರಿನ ಕೆಂಪು ಸಾಸೇಜಿನ, ಮಾಂಸ ತುಂಬಿದ ಕೊಳವೆಗಳ ಚೀಲ.

"ಯಾರೋ ಬಾಯ್ಲರ್ ಬಾಗಲಾ ತಗದ್ ಇಟ್ಟಾರ. ಮುಚ್ಚಾಕ ಹೇಳ್ರೀ!"

"ಅದು ಬಾಗಿಲಲ್ಲ," ಎಂದ ಶೀಗುಯ್ ಮೆಲ್ಲಗೆ, "ಅದೇ ನಮ್ಮೂರು."

ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುವ ಹೆಂಗಸಲ್ಲ ಯಾಜೀ. ಬೆನ್ನು ನೆಟ್ಟಗೆ ಮಾಡಿಕೊಂಡು ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಚೀಲದಿಂದ ಕೊಬ್ಬು ಕರಗಿ ತೊಟ್ಟಿಕ್ಕತೊಡಗಿತು. ಬೀದಿಯ ಎರಡು ನಾಯಿಗಳು ಆ ಬಿಸಿಲಲ್ಲೂ ಎದ್ದು ಅವರ ಹಿಂದೆ ಮೆರವಣಿಗೆ ಹೊರಟವು. ಮುಕ್ಕಾಲು ಹತ್ತಿದ ಮೇಲೆ ಯಾಜೀ, "ಇಲ್ಲಿಂದ ನೋಟ ಛಲೋ ಐತಿ" ಎಂದು ಕಲ್ಲಿನ ಮೇಲೆ ಕೂತು, ಕೂತ ವೇಗದಲ್ಲೇ ಚೀರಿ ಎದ್ದಳು. ಕಲ್ಲು ಕಾದ ಕಾವಲಿಯಾಗಿತ್ತು.

ದೈಫೆನ್ ಲೆಕ್ಕ ಹಾಕಿದ್ದೇ ಬೇರೆ. ಹಗಲೆಲ್ಲ ಮನೆಯಲ್ಲಿ ಎಸಿ, ಅಲ್ಲಿಂದ ಎಸಿ ಕಾರು, ಹೊಳೆಯ ಮೇಲೆ ತಂತಿಯಲ್ಲಿ ತೇಲುವ ರೋಪ್‌ವೇ ಡಬ್ಬಿ, ಕಟ್ಟಡದ ಹೊಟ್ಟೆಯೊಳಗೆ ನುಗ್ಗುವ ರೈಲು, ಸಂಜೆ ದೀಪಾಲಂಕಾರ. ಆದರೆ ಮರುದಿನ ಬೆಳಗಿನ ತಿಂಡಿಯ ನೂಡಲ್ಸು ಬಾಯಲ್ಲಿರುವಾಗಲೇ ಇಡೀ ಗುಡ್ಡದ ಕರೆಂಟು ಹೋಯಿತು. ಎಲ್ಲರ ಮನೆಯ ಎಸಿಗಳೂ ಒಟ್ಟಿಗೆ ನಿಟ್ಟುಸಿರು ಬಿಟ್ಟು ಸುಮ್ಮನಾದವು. ಸ್ವಲ್ಪ ಹೊತ್ತಿಗೇ ಯಾಜೀಯ ಮುಖ ಬೀಟ್‌ರೂಟ್ ಬಣ್ಣಕ್ಕೆ ತಿರುಗಿತು. "ನನಗೇನೂ ಆಗಿಲ್ಲ" ಎನ್ನುತ್ತಲೇ ಅವಳು ಬಾಗಿಲು ತೆರೆದ ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿಕೊಂಡು, ತಲೆಯನ್ನು ಹಾಲಿನ ಡಬ್ಬಿಗಳ ಪಕ್ಕ ಒಳಗಿಟ್ಟಳು.

"ಸುರಂಗಕ್ಕೆ ಕರ್ಕೊಂಡು ಹೋಗೋಣ," ಎಂದ ಶೀಗುಯ್.

ದೈಫೆನ್ ಕಣ್ಣು ಕೆಕ್ಕರಿಸಿದಳು. "ಏ ಮುದುಕ, ಬುದ್ಧಿ ಇದೆಯಾ? ಬೀಗಿತ್ತೀನ ಸುರಂಗಕ್ಕಾ? ಅಲ್ಲಿ ಲಿಯಾವ್ ಅಜ್ಜ ಚಡ್ಡಿಯಲ್ಲಿ ಕೂತಿರ್ತಾನೆ!"

"ಕೂತಿರ್ಲಿ."

"ಏನಂದೆ?"

"ಕೂತಿರ್ಲಿ ಅಂದೆ," ಎಂದ ಶೀಗುಯ್. ಅವನ ಕಿವಿ ಕೆಂಪಾಗಿತ್ತು, ಆದರೆ ದನಿ ನಡುಗಲಿಲ್ಲ. "ಮದುವೆಯಾದಾಗಿಂದ ನಾನು ಬೇಡ ಅಂದಿಲ್ಲ, ಬೇಕು ಅಂದಿಲ್ಲ. ಈಗ ಹೇಳ್ತಿದೀನಿ. ಬೀಗ್ತಿ ನಮ್ಮ ಮನೇಲಿ ಬೆಂದು ಹೋಗ್ಬಾರ್ದು." ಹಾಗೆಂದು ಮಡಚುವ ಕುರ್ಚಿಯೊಂದನ್ನು ಹೆಗಲಿಗೇರಿಸಿ ಹೊರಟೇಬಿಟ್ಟ. ಹೆಂಗಸರಿಬ್ಬರೂ ಅವನ ಹಿಂದೆ ನಡೆದರು. ದೈಫೆನ್ ಕೋಪಕ್ಕಿಂತ ಬೆರಗಿನಿಂದಲೇ ನಡೆದಳು.

ಗುಡ್ಡದ ಹೊಟ್ಟೆಯಲ್ಲಿರುವ ಆ ಸುರಂಗವನ್ನು ಅವರ ಅಜ್ಜಂದಿರು ಯುದ್ಧಕಾಲದಲ್ಲಿ ಬಾಂಬಿಗೆ ಹೆದರಿ ಅಗೆದದ್ದು. ಮೊಮ್ಮಕ್ಕಳು ಈಗ ಸೂರ್ಯನಿಗೆ ಹೆದರಿ ಅಲ್ಲಿ ಅಡಗುತ್ತಾರೆ. ಬಾಗಿಲಲ್ಲೇ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಒಳಗೆ ಓಣಿಗೆ ಓಣಿಯೇ ಇತ್ತು: ಬೀಸಣಿಗೆ, ಚಹಾ ಫ್ಲಾಸ್ಕು, ಹೆಣಿಗೆ, ಗೊರಕೆ, ಮಾಜಾಂಗ್ ಆಟದ ಬಿಲ್ಲೆಗಳ ಗಲಗಲ. ನಟ್ಟನಡುವೆ ಲಿಯಾವ್ ಅಜ್ಜ, ಹೂವಿನ ಚಡ್ಡಿಯಲ್ಲಿ, ಬೋಗುಣಿಯ ನೀರಲ್ಲಿ ಕಾಲಿಳಿಬಿಟ್ಟು, ಸಿಂಹಾಸನದ ಮೇಲಿನ ಚಕ್ರವರ್ತಿಯಂತೆ ಕೂತಿದ್ದ.

ದೈಫೆನ್ ಭೂಮಿ ಬಾಯಿಬಿಡಲಿ ಎಂದುಕೊಂಡಳು. ಭೂಮಿ ಬಾಯಿಬಿಟ್ಟೇ ಇತ್ತು, ಅವರು ಅದರೊಳಗೇ ನಿಂತಿದ್ದರು.

ಯಾಜೀ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡಳು. ಮುಖದ ಕೆಂಪು ಇಳಿಯಿತು. ಆಮೇಲೆ ಲಿಯಾವ್ ಅಜ್ಜನನ್ನು ಮೇಲಿಂದ ಕೆಳಗೆ ನೋಡಿದಳು.

"ಅಜ್ಜಾರ, ಚಡ್ಡಿ ಭಾಳ ಛಲೋ ಐತಿ. ಸ್ವಲ್ಪ ಆ ಕಡೆ ಸರೀರಿ."

ಅಜ್ಜ ಸರಿದ. ಅವನು ಯಾರಿಗಾದರೂ ಜಾಗ ಬಿಟ್ಟದ್ದನ್ನು ಆ ಗುಡ್ಡದವರು ಕಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಯಾಜೀ ಮಾಜಾಂಗ್ ಮೇಜಿನ ಒಂದು ಬದಿ ಹಿಡಿದಿದ್ದಳು. ಮೊದಲ ಆಟದಲ್ಲೇ ಜಗಳ ಹತ್ತಿತು. ಮೂ ಚಿಕ್ಕಮ್ಮ ಗೆದ್ದಳೆಂದು ಯಾಜೀ ಬಿಲ್ಲೆ ಕೆಡವಿಬಿಟ್ಟಿದ್ದಳು.

"ಅಯ್ಯೋ, ಯಾಕೆ ಕೆಡವಿದ್ರಿ? ಆಟ ಇನ್ನೂ ಇದೆ!"

"ಒಬ್ರು ಗೆದ್ದರಲ್ಲ, ಮುಗೀತಲ್ಲ!"

"ನಿಮ್ಮ ಕಡೆ ಮುಗಿಯುತ್ತೆ. ನಮ್ಮಲ್ಲಿ ಕೊನೇಗೆ ಸೋತೋರು ಯಾರು ಅಂತ ಗೊತ್ತಾಗೋವರೆಗೂ ಆಟ ಬಿಡಲ್ಲ."

"ಅಬ್ಬಬ್ಬಾ! ಎಂಥಾ ಹಾಳು ಜನರೀ ನೀವು!" ಎಂದಳು ಯಾಜೀ, ಕಣ್ಣರಳಿಸಿ, ಮೆಚ್ಚುಗೆಯಿಂದ. ಅಂದಿನಿಂದ ಆ ಸುರಂಗ ಅವಳದಾಯಿತು. ಮನೆಯಲ್ಲಿ ಕರೆಂಟು ಬಂದರೂ ಅವಳು ಬರಲೊಲ್ಲಳು. ತಂದ ಮಾಂಸದ ಕೊಳವೆಗಳನ್ನು ಹೆಚ್ಚಿ ಎಲ್ಲರಿಗೂ ಹಂಚಿದಳು. ಹೊರಗೆ ಹಕ್ಕಿಗಳು ಹಾರಲು ಹೆದರುವ ಬಿಸಿಲಿದ್ದಾಗ ಒಳಗೆ ಮೂ ಚಿಕ್ಕಮ್ಮನ ಉಣ್ಣೆಯ ಶಾಲು ಹೊದ್ದು ಕೂತಳು. ತಂತಿ ಡಬ್ಬಿ ನೋಡೋಣ ಬನ್ನಿ ಎಂದರೆ "ನಾಳಿಗೆ ನೋಡೋಣ್ರೀ", ರೈಲು ಎಂದರೆ "ನಮ್ಮೂರಾಗೂ ರೈಲು ಐತಿ."

ಊರಿಗೆ ಹೊರಡುವ ದಿನ ಹತ್ತಿರವಾಯಿತು. ದೈಫೆನ್ ತಡೆದೂ ತಡೆದೂ ಕೊನೆಗೆ ಎಲ್ಲರೆದುರೇ ಸಿಡಿದಳು.

"ನೀವು ನಮ್ಮೂರು ನೋಡೋಕೆ ಬಂದ್ರೋ, ಕರಡಿ ಥರ ಗುಹೇಲಿ ಮಲಗೋಕೆ ಬಂದ್ರೋ? ಹಾರ್ಬಿನ್ನಿಗೆ ಹೋಗಿ ಏನು ಹೇಳ್ತೀರಿ? ಬೀಗಿತ್ತಿ ಬಿಲ ತೋರಿಸಿದ್ಲು ಅಂತೀರಾ?"

ಬಿಲ್ಲೆಗಳ ಸದ್ದು ನಿಂತಿತು. ಗೊರಕೆ ಹೊಡೆಯುತ್ತಿದ್ದವರೂ ನಿಲ್ಲಿಸಿದರು. ಯಾಜೀ ಶಾಲು ಸರಿಮಾಡಿಕೊಂಡು ಅವಳನ್ನೇ ನೋಡಿದಳು.

"ಬೀಗ್ತೇರ, ಕುಂದರ್ರಿ ಇಲ್ಲಿ. ನಿಮ್ಮ ಮಗಳು ಮದುವಿ ಏಪ್ರಿಲ್‌ದಾಗ ಮಾಡ್ಕೋತೀನಿ ಅಂದಿದ್ಲು, ಗೊತ್ತದ ಏನು?"

"ಇಲ್ಲ. ನನಗೆ ಹೇಳಲೇ ಇಲ್ಲ."

"ಜನವರಿ ಆಗ್ಬೇಕು ಅಂತ ಹಠ ಹಿಡದಾಕಿ ನಾ. ಯಾಕ? ಏಪ್ರಿಲ್‌ದಾಗ ನಮ್ಮೂರು ನೋಡಿದ್ರ ನೀವು ಮಗಳನ್ನ ಮಂಟಪದಿಂದನ ವಾಪಸ್ ಕರ್ಕೊಂಡ್ ಹೋಗ್ತಿದ್ರಿ. ಬರ್ಫ್ ಕರಗಿ ಮೊಣಕಾಲ ಮಟ ರಾಡಿ. ನಾಯಿಗೋಳು ಚಳಿಗಾಲ ಪೂರಾ ಮಾಡಿಟ್ಟಿದ್ದೆಲ್ಲಾ ಒಮ್ಮೆಲೆ ಹೊರಗ ಬರ್ತದ. ಜನವರ್ಯಾಗ ಎಲ್ಲಾ ಬೆಳ್ಳಗ ಮುಚ್ಚಿರ್ತದ, ಮರ್ಯಾದಿ ಉಳೀತದ."

ಆ ತುಪ್ಪಳದ ಕೋಟಿನ ಒಳಗೆ ತಾನು ಎಷ್ಟು ಕುಬ್ಜಳಾಗಿ ನಿಂತಿದ್ದೆನೆಂದು ದೈಫೆನ್‌ಗೆ ನೆನಪಾಯಿತು. ಆಗ ಈ ಹೆಂಗಸೂ ಒಳಗೊಳಗೇ ನಡುಗುತ್ತಿದ್ದಳೇ! ಅವಳ ಗಂಟಲಿನಿಂದ ಏನೋ ಹೊರಟಿತು. ಮೊದಲು ಬಿಕ್ಕು ಎಂದುಕೊಂಡರು, ಆಮೇಲೆ ನೋಡಿದರೆ ನಗು.

"ನಾನೂ ಮುಚ್ಚಿಡೋಕೇ ನೋಡ್ದೆ ಬೀಗ್ತಿ. ಏನ್ಮಾಡ್ಲಿ, ನಮ್ಮೂರಲ್ಲಿ ಬರ್ಫ್ ಬೀಳಲ್ವಲ್ಲ!"

ಕಲ್ಲಿನ ಗೋಡೆಗೆ ಬಡಿದ ನಗು ಸುರಂಗದ ಆ ತುದಿಗೆ ಹೋಗಿ ವಾಪಸ್ಸು ಬಂತು. ವಿಷಯವೇ ತಿಳಿಯದ ಲಿಯಾವ್ ಅಜ್ಜ ಎಲ್ಲರಿಗಿಂತ ಜೋರಾಗಿ ನಕ್ಕು ಬೋಗುಣಿ ಮಗುಚಿದ.

ಆ ಸಂಜೆ ಯಾಜೀ ತಾನಾಗಿಯೇ ಹೊರಗೆ ಬಂದಳು. ಕರೆಂಟು ಉಳಿಸಲೆಂದು ಊರಿನ ದೀಪಾಲಂಕಾರವನ್ನೆಲ್ಲ ಆರಿಸಿದ್ದರು. ದೈಫೆನ್ ಆಸೆಯಿಂದ ಕಾದಿದ್ದ ಮಿರುಗು ಒಂದೂ ಇರಲಿಲ್ಲ. ಹೊತ್ತು ಮುಳುಗುವಾಗ ಅವರು ಹೊಳೆಗಿಳಿದರು. ನೀರು ಇಳಿದಿದ್ದ ಕಡೆ, ಪಾದ ಮುಳುಗುವಷ್ಟು ಹರಿವಿನಲ್ಲೇ, ಜನ ಮೇಜು ಕುರ್ಚಿ ಹಾಕಿ ಕೂತಿದ್ದರು. ಕಾಲಡಿ ಹೊಳೆ, ಮೇಜಿನ ಮೇಲೆ ಕೊತಕೊತ ಕುದಿಯುವ ಕೆಂಪು ಮೆಣಸಿನ ಸಾರಿನ ಪಾತ್ರೆ. ಅಂಗಿ ಬಿಚ್ಚಿದ ಗಂಡಸರು ಬೆವರು ಒರೆಸುತ್ತಾ ಅದರಲ್ಲೇ ಅದ್ದಿ ಅದ್ದಿ ತಿನ್ನುತ್ತಿದ್ದರು.

"ಇಷ್ಟು ಸೆಕಿಯಾಗ ಇದನ್ನ ತಿಂತಾರೇನ್ರೀ? ನಿಮಗೆಲ್ಲಾ ಹುಚ್ಚು ಹಿಡದೈತಿ," ಎಂದಳು ಯಾಜೀ. ಎಂದವಳೇ ನೀರಿಗಿಳಿದು ಕುರ್ಚಿ ಎಳೆದುಕೊಂಡಳು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು, ಎರಡನೆಯದಕ್ಕೆ ಮೂಗಲ್ಲಿ. ಮೂರನೆಯದಕ್ಕೆ ಪಾತ್ರೆಯನ್ನೇ ತನ್ನ ಕಡೆ ತಿರುಗಿಸಿಕೊಂಡಳು.

ದೈಫೆನ್ ತಟ್ಟೆ ಹಿಡಿದು ಸುಮ್ಮನೆ ನೋಡುತ್ತಿದ್ದಳು. ಕತ್ತಲಾಗುವ ಗುಡ್ಡಗಳ ಮೇಲೆ ಅಲ್ಲೊಂದು ಇಲ್ಲೊಂದು ಅಡಿಗೆಮನೆಯ ದೀಪ. ಇದು ಚೆನ್ನಾಗಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ನೋಡಿರಲಿಲ್ಲ.

ಅಷ್ಟರಲ್ಲಿ ಯಾಜೀ ಕೂಗಿಕೊಂಡಳು. ಮೇಜಿನಡಿ ಬಿಟ್ಟಿದ್ದ ಅವಳ ಒಂದು ಚಪ್ಪಲಿ ಹರಿವಿಗೆ ಸಿಕ್ಕಿ, ಪುಟ್ಟ ದೋಣಿಯಂತೆ ಮೂತಿ ಎತ್ತಿಕೊಂಡು ಹೊರಟಿತ್ತು. ಶೀಗುಯ್ ಚಾಪ್‌ಸ್ಟಿಕ್ ಎಸೆದು ಹಿಂದೆ ಓಡಿದ. ಮೊಣಕಾಲುದ್ದ, ಸೊಂಟದುದ್ದ ನೀರಿಗೆ ಹೋದ.

"ಏ ಮುದುಕ, ಬಾ ಈ ಕಡೆ! ಮುಳುಗ್ತೀಯ!" ದೈಫೆನ್ ಅರಚಿದಳು.

"ಬಿಡ್ರೀ ಬೀಗರ, ಹೋಗ್ಲಿ," ಎಂದಳು ಯಾಜೀ, ತುಟಿ ಉರಿಯಿಂದ ಉಸ್ಸೆನ್ನುತ್ತಾ. "ನನಗಿಂತ ಮೊದಲ ಅದಾದ್ರೂ ಹೊಳಿ ಗುಂಟ ಹೋಗಿ ಶಾಂಘೈ ನೋಡ್ಲಿ."

ಹಿಂದಿರುಗುವಾಗ ಯಾಜೀ ಶೀಗುಯ್‌ನ ಚಪ್ಪಲಿ ಹಾಕಿಕೊಂಡು ಗತ್ತಿನಿಂದ ಮೆಟ್ಟಿಲು ಹತ್ತಿದಳು. ಹಗಲಿನ ಕಾವು ಆರದ ಕಲ್ಲುಗಳ ಮೇಲೆ ಶೀಗುಯ್ ಬರಿಗಾಲಲ್ಲಿ, ಒದ್ದೆ ಚಡ್ಡಿಯಲ್ಲಿ, ಹೂಂ ಅನ್ನದೆ ಉಹೂಂ ಅನ್ನದೆ ಕುಪ್ಪಳಿಸುತ್ತಾ ಅವರ ಹಿಂದೆ ಬಂದ.